ಎರಡು ಸುತ್ತಿನ ದಾಖಲೆ

ಸರ್ಕಾರಿ ಪ್ರೌಢಶಾಲೆಯ ಉದ್ದನೆಯ ವರಾಂಡದಲ್ಲಿ, ಹೆಡ್ ಮಾಸ್ತರರ ಕೋಣೆಗೂ ಕುಡಿಯುವ ನೀರಿನ ನಲ್ಲಿಗೂ ನಡುವೆ, ಗೋಡೆಗೆ ಬಡಿದ ಒಂದು ಕರಿ ಹಲಗೆ ಇತ್ತು. ಅದರ ಮೇಲೆ ಬಿಳಿ ಬಣ್ಣದಲ್ಲಿ ಶಾಲೆಯ ಆಟೋಟದ ದಾಖಲೆಗಳು: ಯಾವ ಓಟ, ಎಷ್ಟು ಹೊತ್ತು, ಯಾರು, ಯಾವ ವರ್ಷ. ಹುಡುಗಿಯರ ಎರಡು ಸುತ್ತಿನ ಓಟದ ಸಾಲಿನಲ್ಲಿದ್ದದ್ದು ಮಿಂಚಕ್ಕನ ಹೆಸರು. ಮಗಳು ಹುಟ್ಟುವುದಕ್ಕೆ ಎಷ್ಟೋ ವರ್ಷ ಮೊದಲು ಬರೆದದ್ದು, ಇನ್ನೂ ಇತ್ತು. ಮೇಲಿನ ಸಾಲಿನಲ್ಲಿ ಹೆಸರುಗಳು ಬಂದವು, ಹೋದವು, ಕೆಳಗಿನ ಸಾಲಿನಲ್ಲಿ ಬಂದವು, ಹೋದವು. ಇವಳದು ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ.

ಆ ಶಾಲೆಯಲ್ಲಿ ಒಂದು ಶಾಸ್ತ್ರವಿತ್ತು. ದಾಖಲೆ ಮುರಿದರೆ ಹಳೆಯ ಹೆಸರನ್ನು ಪೇಂಟರ್ ಬಂದು ಅಳಿಸುವಂತಿಲ್ಲ. ಆ ಹೆಸರಿನವರೇ, ಹಳೆ ವಿದ್ಯಾರ್ಥಿಗಳೂ ಸೇರುವ ಆಟೋಟ ಕೂಟದ ದಿನವೇ ಬಂದು, ಟರ್ಪೆಂಟೈನ್ ಅದ್ದಿದ ಬಟ್ಟೆಯಿಂದ ತಮ್ಮ ಹೆಸರನ್ನು ತಾವೇ ಒರೆಸಬೇಕು. ಆಮೇಲೆ ಕುಂಚವನ್ನು ಹೊಸಬರ ಕೈಗೆ ಕೊಟ್ಟು, ಹಿಂದೆ ಸರಿದು ಚಪ್ಪಾಳೆ ತಟ್ಟಬೇಕು. ಇದರಿಂದ ಮನಸ್ಸು ದೊಡ್ಡದಾಗುತ್ತದೆ ಎಂದು ಹೆಡ್ ಮಾಸ್ತರರು ವರ್ಷ ವರ್ಷವೂ ಭಾಷಣ ಮಾಡುತ್ತಿದ್ದರು. ಅವರ ಹೆಸರು ಯಾವ ಹಲಗೆಯ ಮೇಲೂ ಇರಲಿಲ್ಲ, ಹೇಳುವುದಕ್ಕೇನು.

ಮಿಂಚಕ್ಕ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಓಡುವ ಕಾಲದಲ್ಲಿ ಜೊತೆಯವರು ಮಿಂಚು ಎಂದು ಕರೆದರು. ಮದುವೆಯಾಗಿ, ಮೈ ತುಂಬಿ, ಶಾಲೆಯ ಎದುರಿಗೇ ಯೂನಿಫಾರಂ ಹೊಲಿಯುವ ಅಂಗಡಿ ಹಾಕಿದ ಮೇಲೆ ಅದಕ್ಕೆ ಅಕ್ಕ ಸೇರಿಕೊಂಡಿತು. ಅಂಗಡಿಯ ಬೋರ್ಡಿನ ಮೇಲೂ ಮಿಂಚು ಟೈಲರ್ಸ್ ಎಂದೇ ಬರೆಸಿದ್ದಳು. ಒಳಗೆ ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗೋಡೆಗೊರಗಿದ ನೀಲಿ ಬಟ್ಟೆಯ ಥಾನುಗಳು, ಮೂಲೆಯಲ್ಲಿ ಕಾಜಾ ಗುಂಡಿ ಹಾಕುತ್ತ ಕೂತ ಗಂಡ. ಅಳತೆ ಕೊಡಲು ಬಂದ ಮಕ್ಕಳು ಕೈ ಚಾಚಿ ನಿಂತರೆ, ಟೇಪನ್ನು ಎದೆಗೆ ಸುತ್ತುತ್ತಲೇ ಕೇಳುವಳು: "ವರಾಂಡದಲ್ಲಿ ಹಲಗೆ ನೋಡಿದ್ದೀಯಾ? ಎರಡು ಸುತ್ತಿನ ಸಾಲಲ್ಲಿ ಯಾರಿದ್ದಾರೆ ಹೇಳು." ಹೇಳಿದ ಮಕ್ಕಳ ಪ್ಯಾಂಟಿನ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಒಳಗೆ ಮಡಚಿ ಹೊಲಿಯುತ್ತಿದ್ದಳು, ಮುಂದಿನ ವರ್ಷ ಬಿಚ್ಚಿ ಉದ್ದ ಮಾಡಿಕೊಳ್ಳಲಿ ಎಂದು. ಗೊತ್ತಿಲ್ಲ ಎಂದವರಿಗೆ ಒಂದು ಬೆರಳೂ ಇಲ್ಲ.

ನಿಜ ಹೇಳಬೇಕೆಂದರೆ ಆ ಒಂದು ಸಾಲು ಬಿಟ್ಟರೆ ಅವಳ ಓಟಕ್ಕೆ ಬೇರೆ ಸಾಕ್ಷಿಯಿರಲಿಲ್ಲ. ಹೊರಗಿನ ಕೂಟಗಳಿಗೆ ಹೋದಾಗ ನಾಲ್ಕನೆಯವಳೋ ಐದನೆಯವಳೋ ಆಗಿ ಬಂದಿದ್ದಳು. ಆ ಶಾಲೆಯ ಓಟಗಾರರೆಲ್ಲರ ಹಣೆಬರಹವೂ ಹಾಗೆಯೇ. ಸ್ವಂತ ಮೈದಾನದಲ್ಲಿ ಹುಲಿ, ಪರರ ಮೈದಾನದಲ್ಲಿ ಇಲಿ. ಅವರನ್ನು ತಯಾರು ಮಾಡಿದ ಆಟದ ಮೇಷ್ಟ್ರು, ಸದಾ ಕೊರಳಲ್ಲಿ ಸೀಟಿ ಇರುತ್ತಿದ್ದರಿಂದ ಸೀಟಿ ಮೇಷ್ಟ್ರು, ಇದಕ್ಕೊಂದು ವಿವರಣೆ ಕೊಟ್ಟಿದ್ದರು. ನಮ್ಮ ಮಕ್ಕಳ ಕಾಲು ನಮ್ಮ ಮಣ್ಣಿಗೆ ಮಾತ್ರ ಒಗ್ಗಿದ್ದು ಎಂದು. ಎಲ್ಲರೂ ನಂಬಿದರು. ನಂಬಿದರೆ ಯಾರಿಗೂ ನಷ್ಟವಿರಲಿಲ್ಲ.

ಹೆತ್ತವರಿಗೆ ಹೆಗ್ಗಣವೂ ಮುದ್ದು ಎನ್ನುತ್ತಾರೆ. ಮಿಂಚಕ್ಕನಿಗೆ ಹೆಗ್ಗಣ ಹುಟ್ಟಿದ್ದರೆ ಮುದ್ದು ಮಾಡುತ್ತಿದ್ದಳೋ ಏನೋ. ಹುಟ್ಟಿದ್ದು ಜಿಂಕೆ.

ಮಗಳು ಒಂಬತ್ತನೇ ತರಗತಿಯಲ್ಲಿದ್ದಾಗ ಹೊಸ ಪಿ.ಟಿ. ಟೀಚರ್ ಬಂದಳು. ಅವಳು ಓಟದ ಚಡ್ಡಿಗಳನ್ನು ಹೊಲಿಸಲು ಅಂಗಡಿಗೆ ಬಂದವಳು, ಮೇಜಿಗೆ ಕೈಯೂರಿ, ಸಿಹಿ ಸುದ್ದಿ ಹೇಳುವವಳ ಹಾಗೆ ನಕ್ಕಳು.

"ಅಕ್ಕ, ಈ ಸಲ ಬಟ್ಟೆ ರೆಡಿ ಮಾಡಿಟ್ಕೊಳ್ಳಿ."

"ಚಡ್ಡಿ ಬಟ್ಟೇನಾ? ತರ್ಸಿದೀನಲ್ಲ."

"ಚಡ್ಡಿಗಲ್ಲ, ಒರೆಸೋಕೆ. ನಿಮ್ಮ ಮಗಳು ಪ್ರಾಕ್ಟೀಸಲ್ಲೇ ನಿಮ್ಮ ಟೈಮಿನ ಹತ್ರ ಬಂದಿದಾಳೆ. ಕೂಟದ ದಿನ ಹಿಂದೆ ಹಾಕೇ ಹಾಕ್ತಾಳೆ. ಎಂಥ ಪುಣ್ಯ ಅಕ್ಕ ನಿಮ್ದು. ನಿಮ್ಮ ಹೆಸರು ಹೋದ್ರೂ ಮನೇಲೇ ಇರುತ್ತೆ."

ಮಿಂಚಕ್ಕನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ತುಟಿ ಬಿಚ್ಚುವ ಹಾಗಿರಲಿಲ್ಲ, ಅದೊಂದು ಅನುಕೂಲವಾಯಿತು. ತಲೆಯಾಡಿಸಿದಳು. ಟೀಚರ್ ಹೋದ ಮೇಲೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಯಾರ ಮೇಲೆ ಎಂದು ಅವಳಿಗೂ ಗೊತ್ತಿತ್ತು, ಗಂಡನಿಗೂ ಗೊತ್ತಾಯಿತು. ಅವನು ಗುಂಡಿಯ ದಾರವನ್ನು ಹಲ್ಲಿನಿಂದ ಕಡಿದು ಮುಂದಿನ ಗುಂಡಿ ಎತ್ತಿಕೊಂಡ.

ಅಂದಿನಿಂದ ಮನೆಯಲ್ಲಿ ಮಗಳಿಗೆ ಕೆಲಸ ಹೆಚ್ಚಿತು. ಬೆಳಿಗ್ಗೆ ಓಡಲು ಹೊರಟರೆ ನೀರು ಹಿಡಿದಿಟ್ಟು ಹೋಗು, ಸಂಜೆ ಓಡಲು ಹೊರಟರೆ ಇಸ್ತ್ರಿ ಮಾಡಿಟ್ಟು ಹೋಗು. ಎರಡನೆಯ ಸಲ ಅನ್ನಕ್ಕೆ ಕೈ ಚಾಚಿದರೆ "ಓಡೋರು ಹೀಗೆ ತಿನ್ನಲ್ಲ" ಎಂದು ಪಾತ್ರೆ ಎತ್ತಿಡುವಳು. ತಿನ್ನದೆ ಎದ್ದರೆ "ಈ ಕಡ್ಡಿ ಕಾಲಲ್ಲಿ ಏನು ಓಡ್ತೀಯ" ಎನ್ನುವಳು. ಹುಡುಗಿಯ ಬೂಟು ಬೆರಳನ್ನು ಕಚ್ಚುತ್ತಿತ್ತು. ಹೊಸದು ಬೇಕೆಂದು ಅಪ್ಪನ ಕಿವಿಯಲ್ಲಿ ಹೇಳಿದ್ದು ಅಮ್ಮನ ಕಿವಿಗೂ ಬಿತ್ತು. "ನಾನು ಬರಿಗಾಲಲ್ಲಿ ಓಡಿ ಬರೆಸ್ದೋಳು" ಎಂದು ಅಲ್ಲಿಗೆ ಆ ಮಾತನ್ನು ಮುಗಿಸಿದಳು.

ಹುಡುಗಿಗೆ ಇದೆಲ್ಲ ತರಬೇತಿಯೆಂದೇ ಅನಿಸಿತ್ತು. ಪಾಪ, ಅದಕ್ಕೇನು ಗೊತ್ತು. ನಡೆಯಲು ಕಲಿತಾಗಿನಿಂದ ಆ ಹಲಗೆಯ ಕೆಳಗೆ ನಿಲ್ಲಿಸಿ ಅಮ್ಮನ ಹೆಸರು ಓದಿಸಿದ್ದರು. ಅದು ಮೊದಲು ಕಲಿತ ಅಕ್ಷರಗಳೇ ಆ ಹೆಸರಿನವು. ಅಮ್ಮ ಎಲ್ಲರೆದುರು ತನ್ನ ಕೈಗೆ ಕುಂಚ ಕೊಡುತ್ತಾಳೆ, ತಾನು ಅಮ್ಮನ ಹೆಸರಿದ್ದ ಜಾಗದಲ್ಲೇ ತನ್ನ ಹೆಸರು ಬರೆಯುತ್ತೇನೆ, ಆಗ ಅಮ್ಮ ಬೆನ್ನು ತಟ್ಟುತ್ತಾಳೆ. ಅವಳು ಓಡುತ್ತಿದ್ದದ್ದು ಅಷ್ಟಕ್ಕೇ. ಒಂದು ದಿನ ಬಟ್ಟೆ ಮಡಚುತ್ತ ಕೇಳಿಯೂ ಬಿಟ್ಟಳು.

"ಅಮ್ಮ, ಕುಂಚ ಕೊಡುವಾಗ ನೀನೇನು ಹೇಳ್ತೀಯ?"

"ಮೊದ್ಲು ಗೆಲ್ಲು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋಳಲ್ಲ ನಾನು."

ಆ ರಾತ್ರಿ ಗಂಡ ಬಾಯಿ ಬಿಟ್ಟ. "ಅವಳು ನಿನ್ನ ಮಗಳು ಕಣೆ. ಸವತಿಯಲ್ಲ."

"ನಿಮಗೇನು ಗೊತ್ತಾಗುತ್ತೆ. ನಿಮ್ಮ ಹೆಸರು ರೇಷನ್ ಕಾರ್ಡ್ ಬಿಟ್ರೆ ಎಲ್ಲಿದೆ?"

ಅವನು ನಕ್ಕುಬಿಟ್ಟ. ಅದು ನೋಯಿಸುವ ಮಾತೆಂದು ಇಬ್ಬರಿಗೂ ತಿಳಿದಿತ್ತು. ಅವನ ನಗು ನೋಡಿ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಕೂಟದ ಹಿಂದಿನ ದಿನ ಮೈದಾನಕ್ಕೆ ಗೆರೆ ಎಳೆಯುವುದು ಓಟದ ಸಂಘದ ಹಳೆ ವಿದ್ಯಾರ್ಥಿಗಳ ಕೆಲಸ. ಮೈದಾನದ ಎರಡೂ ತುದಿಯಲ್ಲಿ ನೆಲಕ್ಕೆ ಹೂತ ಒಂದೊಂದು ಕಬ್ಬಿಣದ ಗೂಟವಿತ್ತು. ಆಟದ ಕೋಣೆಯಲ್ಲಿ ನೇತು ಹಾಕಿದ ಒಂದೇ ಒಂದು ಹಗ್ಗ, ಶಾಲೆಯ ಹಲಗೆಗಿಂತಲೂ ಹಳೆಯದು. ಅದನ್ನು ಗೂಟಕ್ಕೆ ಸಿಕ್ಕಿಸಿ, ಬಿಗಿಯಾಗಿ ಹಿಡಿದು, ತುದಿಯಲ್ಲಿ ಸುಣ್ಣ ಹಾಕುತ್ತ ಸುತ್ತಿದರೆ ತಿರುವು ಬರುತ್ತದೆ. ಎರಡು ತಿರುವುಗಳನ್ನು ನೇರ ಗೆರೆಯಿಂದ ಕೂಡಿಸಿದರೆ ಒಂದು ಸುತ್ತು. ಟೇಪು ಗೀಪು ಹಿಡಿಯುವ ಪದ್ಧತಿಯೇ ಅಲ್ಲಿಲ್ಲ. ಹಗ್ಗ ಹೇಳಿದ್ದೇ ಅಳತೆ. ಸಂಘದ ಅಧ್ಯಕ್ಷ, ಈಗ ಕಂಟ್ರಾಕ್ಟರ್, ಹುಡುಗರ ಒಂದು ಸುತ್ತಿನ ದಾಖಲೆ ಇವನದೇ, ಹಗ್ಗ ಹೊರಗೆ ತರುವಾಗ ಚಪ್ಪಲಿ ಬಿಡುತ್ತಿದ್ದ.

ಮಿಂಚಕ್ಕ ಹಗ್ಗದ ತುದಿ ಹಿಡಿಯುವವಳು. ವಿದ್ಯಾರ್ಥಿನಿಯಾಗಿದ್ದಾಗಿನಿಂದಲೂ ಹಿಡಿದವಳು. ಆ ದಿನ ಕೈಯಲ್ಲಿ ಹಗ್ಗ ಓಡುವಾಗ ಅಂಗೈಗೆ ಏನೋ ಗಡುಸಾಗಿ ತಗುಲಿತು. ನೋಡಿದರೆ ಗಂಟು. ಹಗ್ಗ ಎಲ್ಲಿಯೋ ಕಡಿದಿದೆ, ಯಾರೋ ಮಕ್ಕಳು ಹೆದರಿ ಗಂಟು ಹಾಕಿ ಮತ್ತೆ ನೇತು ಹಾಕಿದ್ದಾರೆ. ಗಂಟಿನ ನಾರು ಇನ್ನೂ ಮಾಸಿರಲಿಲ್ಲ. ದೊಡ್ಡ ಗಂಟು, ಒಂದು ಗೇಣಿಗಿಂತ ಹೆಚ್ಚನ್ನೇ ನುಂಗಿತ್ತು. ಬಟ್ಟೆಯ ಜೊತೆ ಬದುಕುವ ಅವಳಿಗೆ ಲೆಕ್ಕ ಹಾಕಲು ಹೊತ್ತು ಬೇಕಾಗಲಿಲ್ಲ. ಹಗ್ಗದಲ್ಲಿ ಗೇಣು ಹೋದರೆ ಸುತ್ತಿನಲ್ಲಿ ಆಳುದ್ದ ಹೋಗುತ್ತದೆ.

ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಗಂಟು ಬಿಚ್ಚಿ, ಹಗ್ಗಕ್ಕೆ ತುಂಡು ಸೇರಿಸಿ, ಸರಿಯಾಗಿ ಗೆರೆ ಎಳೆಯುತ್ತಿದ್ದರು. ಮಿಂಚಕ್ಕ ಸುತ್ತ ನೋಡಿದಳು. ಯಾರ ಕಣ್ಣೂ ಹಗ್ಗದ ಮೇಲಿರಲಿಲ್ಲ. ಗಂಟನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಎರಡೂ ತಿರುವು ಪೂರ್ತಿ ಸುತ್ತಿದಳು. ಮಗಳು ಸೋತರೆ ಮಾತೇ ಇಲ್ಲ, ಗೆದ್ದರೆ ಗಂಟಿದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಮನೆಗೆ ಹೋಗಿ ಆ ದಿನ ಮಗಳಿಗೆ ತಾನೇ ಎರಡನೆಯ ಸಲ ಅನ್ನ ಬಡಿಸಿದಳು. ಹುಡುಗಿ ಕಣ್ಣು ತುಂಬಿಕೊಂಡು ಉಂಡಿತು.

ಮರುದಿನ ಮೈದಾನದ ಸುತ್ತ ಜನ. ಹಳೆ ವಿದ್ಯಾರ್ಥಿಗಳಿಗೆ ಶಾಮಿಯಾನದ ನೆರಳು, ಈಗಿನ ವಿದ್ಯಾರ್ಥಿಗಳಿಗೆ ಬಿಸಿಲು. ಎತ್ತರ ಜಿಗಿತದ ದಾಖಲೆಯವನು, ಜಿರಾಫೆ ಎಂದು ಹೆಸರಾದವನು, ಮುಂದಿನ ಸಾಲಿನಲ್ಲಿ ಕೂತು ಹಿಂದಿನವರ ನೋಟಕ್ಕೆ ಅಡ್ಡವಾಗಿದ್ದ. ವಯಸ್ಸಾದ ಸೀಟಿ ಮೇಷ್ಟ್ರನ್ನು ಕೈ ಹಿಡಿದು ಕರೆತಂದು ನಡುವೆ ಕೂರಿಸಿದ್ದರು. ಮಿಂಚಕ್ಕ ಅವರ ಪಕ್ಕದಲ್ಲಿ ಕೂತಳು.

ಮಗಳು ಮೊದಲ ಸುತ್ತನ್ನು ಉಸಿರೇ ಆಡದವಳಂತೆ ಓಡಿದಳು. ಉಳಿದ ಹುಡುಗಿಯರು ಹಿಂದೆ ಉಳಿದು ತಮ್ಮತಮ್ಮಲ್ಲೇ ಪೈಪೋಟಿ ನಡೆಸಿಕೊಂಡರು. ಎರಡನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಅವಳ ಬೂಟು ಕಚ್ಚಿ ಮುಖ ಕಿವುಚಿದ್ದು ಮಿಂಚಕ್ಕನಿಗೆ ಕಾಣಿಸಿತು. ಬೀಳಲಿ ಎಂದು ಅವಳ ಮನಸ್ಸು ಹೇಳಿತು. ಹೆತ್ತ ಮನಸ್ಸೇ ಹೇಳಿದ್ದು, ಬೇರೆ ಯಾರದೂ ಅಲ್ಲ. ಹುಡುಗಿ ಬೀಳಲಿಲ್ಲ. ಗೆರೆ ದಾಟಿ, ಮಂಡಿಗೆ ಕೈಯೂರಿ, ತಲೆಯೆತ್ತಿ ಮೊದಲು ನೋಡಿದ್ದು ಶಾಮಿಯಾನದ ಕಡೆಗೆ. ಪಿ.ಟಿ. ಟೀಚರ್ ಗಡಿಯಾರ ಎತ್ತಿ ಹಿಡಿದು ಕುಣಿದಳು. ದಾಖಲೆ ಮುರಿದಿತ್ತು.

ಜನವೆಲ್ಲ ವರಾಂಡಕ್ಕೆ ನುಗ್ಗಿತು. ಹಲಗೆಯ ಕೆಳಗೆ ಸ್ಟೂಲು, ಸ್ಟೂಲಿನ ಮೇಲೆ ಟರ್ಪೆಂಟೈನ್ ಬಟ್ಟೆ, ಬಣ್ಣದ ಡಬ್ಬಿ, ಕುಂಚ. ಮಗಳು ಬೆವರು ಆರದ ಮುಖದಲ್ಲಿ ಅಮ್ಮನ ಪಕ್ಕ ಬಂದು ನಿಂತಳು. ಹೆಡ್ ಮಾಸ್ತರರು ದೊಡ್ಡ ಮನಸ್ಸಿನ ಭಾಷಣ ಮುಗಿಸಿದರು. ತಾಯಿ ಒರೆಸಿ ಮಗಳು ಬರೆಯುವುದು ಶಾಲೆಯ ಚರಿತ್ರೆಯಲ್ಲೇ ಮೊದಲು ಎಂದರು. ಕಂಟ್ರಾಕ್ಟರ್ ಬಟ್ಟೆಯನ್ನು ಮಿಂಚಕ್ಕನ ಕೈಗೆ ಕೊಟ್ಟ.

ಮಿಂಚಕ್ಕ ಅದನ್ನು ಸ್ಟೂಲಿನ ಮೇಲೆ ಇಟ್ಟಳು.

"ಮೊದ್ಲು ಮೈದಾನ ಅಳೀರಿ," ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ಪಿ.ಟಿ. ಟೀಚರ್ ನಗಲು ಹೋಗಿ ನಿಲ್ಲಿಸಿದಳು.

"ಏನು ಮಾತಾಡ್ತಿದೀಯ ಮಿಂಚು? ಹಗ್ಗ ಹಿಡಿದೋಳು ನೀನೇ ಅಲ್ವಾ?" ಎಂದ ಕಂಟ್ರಾಕ್ಟರ್.

"ಅದಕ್ಕೇ ಹೇಳ್ತಿರೋದು. ಹಗ್ಗಕ್ಕೆ ಗಂಟು ಬಿದ್ದಿದೆ. ಸುತ್ತು ಕಮ್ಮಿಯಾಗಿದೆ. ನಾನು ಪೂರ್ತಿ ಓಡಿದ್ದು, ಇವಳು ಓಡಿದ್ದು ಕಮ್ಮಿ. ಕಮ್ಮಿ ಓಟಕ್ಕೆ ನನ್ನ ಹೆಸರು ಒರೆಸಲ್ಲ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು.

"ಗಂಟು ಯಾವಾಗ ನೋಡಿದೆ ಅಮ್ಮ?"

"ನಿನ್ನೆ."

"ನಿನ್ನೆ ಯಾಕೆ ಹೇಳಲಿಲ್ಲ?"

ಉತ್ತರ ಅಷ್ಟು ಜನರಿಗೂ ಗೊತ್ತಾಗಿತ್ತು. ಗಂಡ ಹಿಂದಿನ ಸಾಲಿನಿಂದ ಮೆಲ್ಲಗೆ ಹೊರಗೆ ನಡೆದು, ನಲ್ಲಿಯ ಹತ್ತಿರ ಹೋಗಿ ಸುಮ್ಮನೆ ಕೈ ತೊಳೆದ.

ಹಳೆ ವಿದ್ಯಾರ್ಥಿಗಳಲ್ಲಿ ಒಬ್ಬ ಸರ್ವೆಯರ್ ಇದ್ದ. ಅವನ ಜೀಪಿನಲ್ಲಿ ಉಕ್ಕಿನ ಟೇಪು ಸದಾ ಇರುತ್ತಿತ್ತು. ಎಲ್ಲರೂ ಮತ್ತೆ ಮೈದಾನಕ್ಕೆ ಇಳಿದರು. ಅವನು ಗೆರೆಯುದ್ದಕ್ಕೂ ಬಗ್ಗಿ ಬಗ್ಗಿ ಅಳೆದ, ಕಾಗದದ ಮೇಲೆ ಕೂಡಿಸಿದ, ಮತ್ತೊಮ್ಮೆ ಅಳೆದ. "ಇನ್ನೂರು ಮೀಟರ್ ಇರಬೇಕಿತ್ತು, ಕಮ್ಮಿ ಇದೆ" ಎಂದ. ಮಿಂಚಕ್ಕ ಉಸಿರು ಬಿಟ್ಟಳು. ನೋಡಿ, ನಾನು ಹೇಳಲಿಲ್ಲವೇ ಎಂದು ಸುತ್ತಲೂ ನೋಡಿದಳು. ಯಾರೂ ಅವಳ ಕಣ್ಣಿಗೆ ಕಣ್ಣು ಕೊಡಲಿಲ್ಲ, ಅದು ಅವಳ ಗಮನಕ್ಕೇ ಬರಲಿಲ್ಲ.

"ಆದ್ರೆ ಇದೇನು," ಎಂದ ಸರ್ವೆಯರ್, ಕಾಗದ ನೋಡುತ್ತ. "ಒಂದು ಗಂಟಿಗೆ ಇಷ್ಟು ಕಮ್ಮಿ ಆಗಲ್ವಲ್ಲ. ಹಗ್ಗ ತನ್ನಿ."

ಹಗ್ಗ ತಂದರು. ಮಿಂಚಕ್ಕ ತಾನೇ ಗಂಟು ತೋರಿಸಿದಳು, ತಾನೇ ಉಗುರು ಹಾಕಿ ಬಿಚ್ಚಿದಳು. ತುಂಡುಗಳನ್ನು ತುದಿಗೆ ತುದಿ ಇಟ್ಟು ಅಳೆದರು. ಗಂಟಿಲ್ಲದ ಹಗ್ಗವೂ ಇರಬೇಕಾದ ಉದ್ದಕ್ಕಿಂತ ಒಂದು ಮೊಳ ಗಿಡ್ಡವಾಗಿತ್ತು. ಸರ್ವೆಯರ್ ಗೂಟದ ಕಡೆಯ ತುದಿಯನ್ನು ಹಿಡಿದು ತಿರುಗಿಸಿ ನೋಡಿದ. ಯಾರೋ ಕತ್ತಿಯಿಂದ ಕತ್ತರಿಸಿ ಹೊಸ ಕುಣಿಕೆ ಹೆಣೆದಿದ್ದರು. ಆ ಹೆಣಿಗೆ ಹಗ್ಗದಷ್ಟೇ ಕಪ್ಪಾಗಿತ್ತು, ಹಗ್ಗದಷ್ಟೇ ಸವೆದಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೀಟಿ ಮೇಷ್ಟ್ರು ಕುರ್ಚಿಯಿಂದ ಏಳಲು ಹೋದರು, ಮೊಣಕಾಲು ಕೇಳಲಿಲ್ಲ, ಮತ್ತೆ ಕೂತರು.

"ಲ್ಯಾಬ್ ಕಟ್ಟಿದಾಗ," ಎಂದರು. "ಗೋಡೆ ಮೈದಾನದ ಒಳಗೆ ಬಂತು. ತಿರುವು ಹೋಗಿ ಗೋಡೆಗೆ ಬಡೀತಿತ್ತು. ಮಕ್ಕಳು ಓಡೋಕೆ ಒಂದು ಮೊಳ ಹೆಚ್ಚೇನು, ಕಮ್ಮಿಯೇನು ಅಂತ ಹಗ್ಗ ಕತ್ತರಿಸ್ದೆ. ಯಾರು ಅಳೀತಾರೆ ಅಂದ್ಕೊಂಡೆ."

"ಯಾವಾಗ ಮೇಷ್ಟ್ರೇ?" ಎಂದ ಕಂಟ್ರಾಕ್ಟರ್. ಅವನ ಧ್ವನಿ ಬದಲಾಗಿತ್ತು.

"ನೀವೆಲ್ಲ ಬರೋಕೆ ಮುಂಚೆ. ಹಲಗೆ ಹಾಕಿಸೋಕೂ ಮುಂಚೆ."

ನಮ್ಮ ಮಣ್ಣು, ನಮ್ಮ ಕಾಲು ಎಂದು ಹೇಳಿಕೊಂಡು ಮುದುಕರಾಗಲು ಹೊರಟವರೆಲ್ಲ ನೆಲ ನೋಡಿದರು. ಜಿರಾಫೆಗೆ ಮಾತ್ರ ನಗು ತಡೆಯಲಾಗಲಿಲ್ಲ. ಎತ್ತರ ಜಿಗಿತಕ್ಕೆ ಹಗ್ಗ ಬೇಕಿಲ್ಲ. ಗುಂಡು ಎಸೆತದವನೂ ಅವನ ಜೊತೆ ಸೇರಿಕೊಂಡ.

ಮಿಂಚಕ್ಕ ಮೇಷ್ಟ್ರ ಕಾಲ ಬಳಿ ಕೂತಳು. "ಮೇಷ್ಟ್ರೇ, ನನ್ನ ವರ್ಷ ಸರಿಯಾಗಿತ್ತು ಅಂತ ಹೇಳಿ. ಆ ವರ್ಷ ಬೇರೆ ಹಗ್ಗ ಇತ್ತು ಅಂತ ಹೇಳಿ. ಒಂದು ಮಾತು."

"ಒಂದೇ ಹಗ್ಗ ಕಣಮ್ಮ ಇದ್ದದ್ದು." ಮೇಷ್ಟ್ರು ಅವಳ ತಲೆ ನೇವರಿಸಲು ಹೋಗಿ ಕೈ ಹಿಂದೆಗೆದುಕೊಂಡರು. "ಸುಮ್ನೆ ಒರೆಸಿ ಕುಂಚ ಕೊಟ್ಟಿದ್ರೆ ಮುಗೀತಿತ್ತು. ಇಷ್ಟು ವರ್ಷ ಯಾರೂ ಅಳೀಲಿಲ್ಲ. ಇನ್ನು ಮುಂದೆಯೂ ಅಳೀತಿರ್ಲಿಲ್ಲ."

ತನ್ನ ಮೂಗು ಕೊಯ್ದುಕೊಂಡು ಬೇರೆಯವರಿಗೆ ಅಪಶಕುನ ಮಾಡುವವರಿದ್ದಾರೆ. ಮಿಂಚಕ್ಕ ತನ್ನ ಮೂಗಿನ ಜೊತೆ ಊರಿನವರ ಮೂಗನ್ನೂ ಕೊಯ್ದಿದ್ದಳು. ಪಿ.ಟಿ. ಟೀಚರ್ ಹೊಸಬಳು, ಯಾರ ದಾಕ್ಷಿಣ್ಯವೂ ಇಲ್ಲದವಳು. ಆ ಮೈದಾನದಲ್ಲಿ ಸುತ್ತು ಹಾಕಿ ಓಡಿದ ಯಾವ ದಾಖಲೆಯೂ ಇನ್ನು ಮೇಲೆ ದಾಖಲೆಯಲ್ಲ ಎಂದಳು. ಹೆಡ್ ಮಾಸ್ತರರು ತಲೆಯಾಡಿಸಿದರು. ಶಾಸ್ತ್ರದ ಪ್ರಕಾರ ಅವರವರ ಹೆಸರನ್ನು ಅವರವರೇ ಒರೆಸಬೇಕು. ಕಂಟ್ರಾಕ್ಟರ್ ಮೊದಲು ಹೋದ. ಒಂದೇ ಏಟಿಗೆ ಒರೆಸಿದ. ಬಟ್ಟೆಯನ್ನು ಮಿಂಚಕ್ಕನ ಮುಂದೆ ನೆಲಕ್ಕೆ ಎಸೆದ.

"ತಗೋ. ಅಳತೆ ಬೇಕಿತ್ತಲ್ಲ ನಿನಗೆ."

ಬಗ್ಗಿ ಎತ್ತಿಕೊಂಡಳು. ಸ್ಟೂಲು ಹತ್ತಿದಳು. ಹಳೆಯ ಬಣ್ಣ, ಬೇಗ ಬಿಡಲಿಲ್ಲ. ಉಜ್ಜಬೇಕಾಯಿತು, ಮತ್ತೆ ಅದ್ದಿ ಉಜ್ಜಬೇಕಾಯಿತು. ಕೆಳಗೆ ನಿಂತ ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಇಳಿದು ತಿರುಗಿದಾಗ ಮಗಳು ಅಲ್ಲಿರಲಿಲ್ಲ. ಬೂಟು ಕಳಚಿ ಕೈಯಲ್ಲಿ ಹಿಡಿದುಕೊಂಡು, ಗೇಟು ದಾಟಿ, ಕುಂಟುತ್ತ ಹೋಗುತ್ತಿದ್ದಳು.

ಮನೆಯಲ್ಲಿ ಹುಡುಗಿ ಅಳಲಿಲ್ಲ, ಕಿರುಚಲಿಲ್ಲ. ಕಿರುಚಿದ್ದರೆ ಮಿಂಚಕ್ಕನೂ ಕಿರುಚಿ ಹಗುರಾಗುತ್ತಿದ್ದಳು. ಊಟಕ್ಕೆ ಕರೆದರೆ ಬರುತ್ತಿದ್ದಳು. ಕೇಳಿದ್ದಕ್ಕೆ ಹೂಂ, ಊಹೂಂ ಎನ್ನುತ್ತಿದ್ದಳು. ಅಮ್ಮ ಎಂದು ಕರೆಯುವುದನ್ನು ಮಾತ್ರ ನಿಲ್ಲಿಸಿದಳು. ಏನಾದರೂ ಬೇಕಿದ್ದರೆ ಎದುರಿಗೆ ಬಂದು ನಿಂತು, ಇವಳು ತಲೆಯೆತ್ತುವವರೆಗೂ ಕಾಯುತ್ತಿದ್ದಳು.

ಮಿಂಚಕ್ಕನಿಗೆ ತಾನು ಮಾಡಿದ್ದೇನೆಂದು ಅರ್ಥವಾಗಲು ಕೆಲವು ದಿನ ಹಿಡಿಯಿತು. ಅರ್ಥವಾದ ಮೇಲೆ ಅವಳಿಗೆ ನಿದ್ದೆ ಬರಲಿಲ್ಲ. ಹಲಗೆಯ ಮೇಲಿನ ಹೆಸರು ಹೋಗಿತ್ತು, ಹೋಗಲಿ. ಆ ಓಟ ಸುಳ್ಳಲ್ಲ, ಆ ಕಾಲುಗಳು ಸುಳ್ಳಲ್ಲ, ಮಂಡಿ ಒಡೆದು ಬಂದ ರಕ್ತ ಸುಳ್ಳಲ್ಲ. ಅದನ್ನು ಒಬ್ಬರಾದರೂ ಒಪ್ಪಬೇಕಿತ್ತು. ಊರಿನವರು ಒಪ್ಪುವ ಹಾಗಿರಲಿಲ್ಲ. ಓಟದ ಸಂಘದವರು ಬೀದಿಯಲ್ಲಿ ಸಿಕ್ಕರೆ ಆ ಕಡೆಯ ಕಾಲುದಾರಿಗೆ ದಾಟುತ್ತಿದ್ದರು. ಕಂಟ್ರಾಕ್ಟರ್ ಅಂಗಡಿಯ ಬೋರ್ಡಿನ ಕೆಳಗೆ ನಿಂತು, ಮಿಂಚಿ ಹೋದ ಕಾಲಕ್ಕೆ ಚಿಂತಿಸಿ ಫಲವಿಲ್ಲ ಎಂದು ಒಳಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ ಜೊತೆಯವರನ್ನು ನಗಿಸಿದ. ಉಳಿದವಳು ಮಗಳೊಬ್ಬಳೇ. ಅವಳು ಒಮ್ಮೆ, ಯಾರಾದರೂ ಕೇಳುವ ಹಾಗೆ, ನನ್ನ ಅಮ್ಮನೂ ಓಡುತ್ತಿದ್ದಳು ಎಂದರೆ ಸಾಕು.

ಆ ಆಸೆಗಾಗಿ ಮಿಂಚಕ್ಕ ಇಡೀ ವರ್ಷ ದುಡಿದಳು. ಸರಿಯಾದ ಅಳತೆಯ ಬೂಟು ತಂದಳು. ಬೆಳಿಗ್ಗೆ ತಾನೇ ನೀರು ಹಿಡಿದಳು. ಎಳೆದರೆ ಹಿಗ್ಗುವ ಬಟ್ಟೆ ತರಿಸಿ, ತೊಡೆಗೆ ಉಜ್ಜದ ಹಾಗೆ ಒಳಹೊಲಿಗೆ ಹಾಕಿ ಚಡ್ಡಿ ಹೊಲಿದಳು. ಮೈದಾನದ ಹೊರಗೆ, ಬೇಲಿಯ ಆಚೆ ನಿಂತು, ಮಗಳು ಓಡುವುದನ್ನು ನೋಡಿದಳು. ಒಳಗೆ ಹೋಗುವ ಮುಖವಿರಲಿಲ್ಲ. ಮಗಳು ಬೂಟು ಹಾಕಿಕೊಂಡಳು, ಚಡ್ಡಿ ತೊಟ್ಟಳು, ಎರಡನೆಯ ಸಲ ಬಡಿಸಿದ್ದನ್ನು ಉಂಡಳು. ಬೇಡ ಎನ್ನಲಿಲ್ಲ, ಚೆನ್ನಾಗಿದೆ ಎನ್ನಲೂ ಇಲ್ಲ.

"ಸ್ವಲ್ಪ ದಿನ ಬಿಡು," ಎನ್ನುತ್ತಿದ್ದ ಗಂಡ. "ಮಕ್ಕಳ ಸಿಟ್ಟು ಹಾಲಿನ ಉಕ್ಕಿನ ಹಾಗೆ."

"ಹೌದೇನ್ರಿ?"

"ಮತ್ತೆ?" ಎಂದು ಅವನು ಸೂಜಿಗೆ ದಾರ ಪೋಣಿಸಲು ಕಿಟಕಿಯ ಕಡೆಗೆ ತಿರುಗುತ್ತಿದ್ದ.

ಶಾಲೆಯವರು ಹಗ್ಗವನ್ನು ಸುಟ್ಟುಹಾಕಿದರು. ಮೈದಾನದ ಇನ್ನೊಂದು ತುದಿಯಲ್ಲಿದ್ದ ಸೈಕಲ್ ಸ್ಟ್ಯಾಂಡ್ ಕಿತ್ತು, ಕಮ್ಮಿ ಬಿದ್ದದ್ದು ತುಂಬುವಷ್ಟು ದೂರಕ್ಕೆ ಒಂದು ಗೂಟವನ್ನು ಸರಿಸಿ, ಸರ್ವೆಯರನ ಟೇಪು ಹಿಡಿದು ಹೊಸದಾಗಿ ಗೆರೆ ಎಳೆದರು. ಹಲಗೆಗೂ ಹೊಸ ಬಣ್ಣ ಬಂತು. ಸುತ್ತು ಓಟದ ಸಾಲುಗಳೆಲ್ಲ ಖಾಲಿ ಇದ್ದವು.

ಮಗಳು ಹತ್ತನೆಯ ತರಗತಿಯಲ್ಲಿದ್ದಳು, ಅದೇ ಅವಳ ಕೊನೆಯ ಕೂಟ. ಮಿಂಚಕ್ಕ ಶಾಮಿಯಾನಕ್ಕೆ ಹೋಗದೆ ತಾಯಂದಿರ ನಡುವೆ ಬಿಸಿಲಲ್ಲಿ ನಿಂತಳು. ಓಟ ಶುರುವಾದ ಮೇಲೆ ಬಿಸಿಲು, ಜನ ಎಲ್ಲ ಮರೆತುಹೋಯಿತು. ಅವಳ ಬಾಯಿಂದ ತಾನಾಗಿಯೇ "ಓಡು, ಓಡು" ಎಂದು ಬರುತ್ತಿತ್ತು. ಕೊನೆಯ ತಿರುವಿನಲ್ಲಿ ಮಗಳ ಜೊತೆ ಅವಳ ಕಾಲೂ ನಿಂತಲ್ಲೇ ಅದುರಿತು. ಈ ಸಲ ಬೀಳಲಿ ಎಂದು ಯಾವ ಮನಸ್ಸೂ ಹೇಳಲಿಲ್ಲ. ಹುಡುಗಿ ಪೂರ್ತಿ ಅಳತೆಯ ಮೈದಾನವನ್ನು, ಅಮ್ಮ ಗಿಡ್ಡ ಮೈದಾನದಲ್ಲಿ ತೆಗೆದುಕೊಂಡಿದ್ದಕ್ಕಿಂತ ಕಡಿಮೆ ಹೊತ್ತಿನಲ್ಲಿ ಓಡಿ ಮುಗಿಸಿದಳು. ಹೋದ ವರ್ಷ ಗಂಟು ಇದ್ದರೂ ಇಲ್ಲದಿದ್ದರೂ ಅವಳೇ ಗೆಲ್ಲುತ್ತಿದ್ದಳು. ಮಿಂಚಕ್ಕ ಅದನ್ನು ಲೆಕ್ಕ ಹಾಕಿದಳು, ನಿಟ್ಟುಸಿರು ಬಿಟ್ಟಳು, ಕಣ್ಣೊರೆಸಿಕೊಂಡಳು. ಹೊಟ್ಟೆಯಲ್ಲಿ ಉರಿಯಿರಲಿಲ್ಲ. ಹೆಮ್ಮೆಯೇ ಇತ್ತು.

ವರಾಂಡದಲ್ಲಿ ಒರೆಸುವ ಬಟ್ಟೆ ಇಟ್ಟಿರಲಿಲ್ಲ, ಒರೆಸಲು ಏನೂ ಇರಲಿಲ್ಲ. ಪಿ.ಟಿ. ಟೀಚರೇ ಕುಂಚ ಕೊಟ್ಟಳು. ಮಗಳು ಖಾಲಿ ಸಾಲಿನಲ್ಲಿ ತನ್ನ ಹೆಸರನ್ನು ನಿಧಾನವಾಗಿ, ಅಂದವಾಗಿ ಬರೆದಳು. ಮಿಂಚಕ್ಕ ಜನರನ್ನು ಸರಿಸಿಕೊಂಡು, ಮಗಳಿಗೆ ಕಾಣುವಷ್ಟು ಹತ್ತಿರ ಬಂದು ನಿಂತಿದ್ದಳು. ಕಂಟ್ರಾಕ್ಟರ್ ಅವಳನ್ನು ನೋಡಿದ. ಅವನು ಒಂದು ವರ್ಷದಲ್ಲಿ ಏನನ್ನೂ ಮರೆತಿರಲಿಲ್ಲ. ಮೈಕನ್ನು ಹುಡುಗಿಯ ಮುಖದ ಹತ್ತಿರ ಹಿಡಿದ.

"ಒಂದು ಮಾತು ಹೇಳಮ್ಮ, ಎಲ್ಲರೂ ಕೇಳಲಿ. ನಿನಗಿಂತ ಮುಂಚೆ ಈ ಸಾಲಲ್ಲಿ ಯಾರಿದ್ರು?"

ಹುಡುಗಿ ತಿರುಗಿ ಅಮ್ಮನನ್ನು ನೋಡಿದಳು. ಒಂದು ವರ್ಷದಲ್ಲಿ ಮೊದಲ ಸಲ ಅಷ್ಟು ಹೊತ್ತು ನೋಡಿದಳು. ಮಿಂಚಕ್ಕ ತನಗೆ ಗೊತ್ತಿಲ್ಲದೆ ಸೆರಗು ಸರಿಮಾಡಿಕೊಂಡಳು, ಒಂದು ಹೆಜ್ಜೆ ಮುಂದೆ ಬಂದಳು. ಅವಳ ಮುಖ ಆಗಲೇ ನಗಲು ಶುರುಮಾಡಿತ್ತು.

"ಯಾರೂ ಇರಲಿಲ್ಲ ಸರ್," ಎಂದಳು ಮಗಳು.

ಚಪ್ಪಾಳೆ ಬಿತ್ತು. ಅಕ್ಕಪಕ್ಕದವರೆಲ್ಲ ತಟ್ಟುತ್ತಿದ್ದರು. ಮುಂದೆ ಬಂದು ನಿಂತಿದ್ದ ಮಿಂಚಕ್ಕನೂ ತಟ್ಟಿದಳು.